ಪರದೆಯ ಆಚೆ ಕೂತಿದ್ದ ಬ್ಯಾಸ್ಕಮ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಫ್ಲಾರೆನ್ಸ್ ಬ್ಯಾಸ್ಕಮ್ ಬಗ್ಗೆ ಬರೆದಿದ್ದು ಒಂದೇ ಒಂದು ಸಾಲು. ಅಮೆರಿಕದ ಭೂವಿಜ್ಞಾನಿ, ಕ್ಲಾಸಿನಲ್ಲಿ ಪರದೆ ಹಿಂದೆ ಕೂತು ಪಾಠ ಕೇಳಿ ಪಿಎಚ್.ಡಿ. ಮುಗಿಸಿದವರು ಅಂತ. ಅಷ್ಟಕ್ಕೇ ಇಷ್ಟು ಪತ್ರಗಳು ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪರದೆ ಹಿಂದೆ ಕೂರಿಸಿದ್ದು ನಿಜಾನಾ? ಅಥವಾ ಆಮೇಲೆ ಯಾರೋ ಕಟ್ಟಿದ ಕಥೆಯಾ?

ನಿಜ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆಗಿದ್ದು. ಬ್ಯಾಸ್ಕಮ್ ಅಲ್ಲಿಗೆ ಹೋಗಿದ್ದು 1891ರಲ್ಲಿ. ಆಗ ಆ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಪದವಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ವಿಶೇಷ ಅನುಮತಿ ಅಂತ ಕೊಟ್ಟರು, ಬಂದು ಪಾಠ ಕೇಳಬಹುದು ಅಂದರು, ಆದರೆ ಗಂಡುಹುಡುಗರ ಗಮನ ಕೆಡಬಾರದು ಅಂತ ಮೂಲೆಯಲ್ಲಿ ಒಂದು ಪರದೆ ಇಟ್ಟು ಅದರ ಹಿಂದೆ ಕೂರಿಸಿದರು. ಯಾರ ಗಮನ ಕೆಡುತ್ತಿತ್ತೋ ಅವರು ಆರಾಮಾಗಿ ಮುಂದೆ ಕೂತಿದ್ದರು, ಪಾಠ ಕೇಳಲೆಂದೇ ಬಂದವರು ಮರೆಯಲ್ಲಿ. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಅನ್ನಿಸಲಿಲ್ಲ ನೋಡಿ.

1893ರಲ್ಲಿ ಪಿಎಚ್.ಡಿ. ಸಿಕ್ಕಿತು. ಆ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದ ಮೊದಲ ಮಹಿಳೆ ಅವರೇ. ಅವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕ್ರಿಸ್ಟೀನ್ ಲ್ಯಾಡ್ ಅನ್ನುವ ಗಣಿತ ವಿದ್ಯಾರ್ಥಿನಿ ಅಲ್ಲೇ ಎಲ್ಲ ಕೆಲಸ ಮುಗಿಸಿದ್ದರು. ಪದವಿ ಮಾತ್ರ ಕೊಡಲಿಲ್ಲ. ಕೊಟ್ಟಿದ್ದು 1926ರಲ್ಲಿ, ಆಗ ಅವರಿಗೆ ಎಂಬತ್ತು ಸಮೀಪಿಸಿತ್ತು! ಹಾಪ್ಕಿನ್ಸ್ ತನ್ನ ಸ್ನಾತಕೋತ್ತರ ವಿಭಾಗಗಳ ಬಾಗಿಲನ್ನು ಮಹಿಳೆಯರಿಗೆ ಅಧಿಕೃತವಾಗಿ ತೆರೆದಿದ್ದು 1907ರಲ್ಲಿ. ಡಿಗ್ರಿ ತರಗತಿಗಳಿಗೆ ಹುಡುಗಿಯರು ಬರಲು 1970ರ ತನಕ ಕಾಯಬೇಕಾಯಿತು.

ಒಂದು ಮಾತು ಮಾತ್ರ ಹೇಳಲೇಬೇಕು. ನಿಮ್ಮ ಪತ್ರಗಳಲ್ಲಿ ಮುಕ್ಕಾಲು ಪಾಲು ಈ ಪರದೆ ಬಗ್ಗೆಯೇ ಇವೆ. ಅವರು ಪರದೆ ಹಿಂದೆ ಕೂತು ಏನು ಕಂಡುಹಿಡಿದರು ಅಂತ ಕೇಳಿದವರು ಒಬ್ಬರೇ. ಆ ಪ್ರಶ್ನೆ ಕೆಳಗಿದೆ, ಅದನ್ನು ಬಿಡದೆ ಓದಿ.

ಆ ಕಾಲದ ಹೆಣ್ಣುಮಗಳಿಗೆ ಕಲ್ಲಿನ ಹುಚ್ಚು ಹತ್ತಿದ್ದು ಹೇಗೆ? ಮನೆಯಲ್ಲಿ ಬೇಡ ಅನ್ನಲಿಲ್ಲವೇ?

ಮನೆಯವರೇ ಓದಿಸಿದ್ದು. ಹುಟ್ಟಿದ್ದು 1862ರ ಜುಲೈ 14ರಂದು, ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್‌ಟೌನ್‌ನಲ್ಲಿ. ಅಪ್ಪ ಜಾನ್ ಬ್ಯಾಸ್ಕಮ್ ಮೊದಲು ಅಲ್ಲಿನ ಕಾಲೇಜಿನಲ್ಲಿ ಪ್ರೊಫೆಸರ್, 1874ರಿಂದ 1887ರ ತನಕ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಧ್ಯಕ್ಷ, ಅಂದರೆ ನಮ್ಮ ಕುಲಪತಿ ಇದ್ದ ಹಾಗೆ. ಅಮ್ಮ ಎಮ್ಮಾ ಶಿಕ್ಷಕಿಯಾಗಿದ್ದವರು, ಮಹಿಳೆಯರಿಗೆ ಮತದ ಹಕ್ಕು ಬೇಕು ಅಂತ ಹೋರಾಡಿದವರು. ಅಪ್ಪನೂ ಅದೇ ಪಕ್ಷ. ಇಂಥ ಮನೆಯಲ್ಲಿ ಮಗಳನ್ನು ಓದಬೇಡ ಅನ್ನೋರು ಯಾರು?

ಅಪ್ಪನ ಗೆಳೆಯರೊಬ್ಬರಿದ್ದರು, ಎಡ್ವರ್ಡ್ ಆರ್ಟನ್ ಅಂತ, ಒಹಾಯೋದಲ್ಲಿ ಭೂವಿಜ್ಞಾನದ ಪ್ರೊಫೆಸರ್. ಒಮ್ಮೆ ಮೂವರೂ ಸೇರಿ ಗಾಡಿಯಲ್ಲಿ ಸುತ್ತಾಟಕ್ಕೆ ಹೋದಾಗ ಭೂವಿಜ್ಞಾನ ಅನ್ನೋದೊಂದು ಇದೆ ಅಂತ ಹುಡುಗಿಗೆ ಮೊದಲು ಗೊತ್ತಾಗಿದ್ದು. ಆದರೆ ಅವತ್ತೇ ತೀರ್ಮಾನ ಮಾಡಿಬಿಟ್ಟರು ಅಂತೇನಿಲ್ಲ. ವಿಸ್ಕಾನ್ಸಿನ್‌ನಲ್ಲೇ 1882ರಲ್ಲಿ ಎರಡು ಪದವಿ ತೆಗೆದುಕೊಂಡರು, ಒಂದು ಕಲೆಯಲ್ಲಿ, ಇನ್ನೊಂದು ಸಾಹಿತ್ಯದಲ್ಲಿ. ಆಮೇಲೆ 1884ರಲ್ಲಿ ವಿಜ್ಞಾನ ಪದವಿ, 1887ರಲ್ಲಿ ಭೂವಿಜ್ಞಾನದಲ್ಲಿ ಸ್ನಾತಕೋತ್ತರ. ನಡುನಡುವೆ ಪಾಠ ಹೇಳಿದರು. ವರ್ಜೀನಿಯಾದ ಹ್ಯಾಂಪ್ಟನ್‌ನಲ್ಲಿ ಕಪ್ಪು ಜನರಿಗೂ ಮೂಲನಿವಾಸಿಗಳಿಗೂ ಇದ್ದ ಶಾಲೆಯಲ್ಲಿ ಕಲಿಸಿದ್ದೂ ಆ ವರ್ಷಗಳಲ್ಲೇ.

ಅಮೆರಿಕದ ಮೊದಲ ಮಹಿಳಾ ಭೂವಿಜ್ಞಾನಿ ಅಂತ ಒಂದು ಕಡೆ ಓದಿದೆ, ಇನ್ನೊಂದು ಕಡೆ ಎರಡನೆಯವರು ಅಂತಿದೆ. ಯಾವುದು ಸರಿ?

ಎರಡನೆಯದು. ಮೇರಿ ಹೋಮ್ಸ್ ಅನ್ನುವವರು 1888ರಲ್ಲೇ ಮಿಷಿಗನ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದಿದ್ದರು, ಅವರದು ಪಳೆಯುಳಿಕೆಗಳ ಅಧ್ಯಯನ. ಭೂವಿಜ್ಞಾನಿಗಳ ಸಂಘವಾದ ಜಿಯಾಲಾಜಿಕಲ್ ಸೊಸೈಟಿ ಆಫ್ ಅಮೆರಿಕಕ್ಕೂ ಆಯ್ಕೆಯಾದ ಮೊದಲ ಮಹಿಳೆ ಹೋಮ್ಸ್, 1889ರಲ್ಲಿ. ಬ್ಯಾಸ್ಕಮ್ ಎರಡನೆಯವರು, 1894ರಲ್ಲಿ. ಅಮೆರಿಕದ ಸರ್ಕಾರಿ ಭೂವೈಜ್ಞಾನಿಕ ಸರ್ವೇ ನೇಮಿಸಿಕೊಂಡ ಮೊದಲ ಮಹಿಳೆ ಮಾತ್ರ ಬ್ಯಾಸ್ಕಮ್ಮೇ, ಅದು 1896ರಲ್ಲಿ. 1930ರಲ್ಲಿ ಆ ಸೊಸೈಟಿಯ ಉಪಾಧ್ಯಕ್ಷೆಯೂ ಆದರು, ಆ ಸ್ಥಾನಕ್ಕೂ ಮೊದಲ ಮಹಿಳೆ.

‘ಮೊದಲ ಮಹಿಳೆ’ ಪಟ್ಟಿ ನನಗೆ ಅಷ್ಟಾಗಿ ರುಚಿಸಲ್ಲ. ಬಾಗಿಲು ಎಷ್ಟು ದಿನ ಮುಚ್ಚಿತ್ತು ಅಂತ ಅದು ಹೇಳುತ್ತದೆ, ಒಳಗೆ ಹೋದವರು ಏನು ಮಾಡಿದರು ಅಂತ ಹೇಳಲ್ಲ.

ಅವರ ಪಿಎಚ್.ಡಿ. ವಿಷಯ ಏನು? ನಿಜವಾಗಿ ಏನು ಕಂಡುಹಿಡಿದರು? ಭೂವಿಜ್ಞಾನ ಓದದವರಿಗೆ ಅರ್ಥವಾಗುವ ಹಾಗೆ ಹೇಳಿ.

ಇದೇ ಆ ಪತ್ರ. ಬರೆದವರಿಗೆ ಥ್ಯಾಂಕ್ಸ್.

ಪೆನ್ಸಿಲ್ವೇನಿಯಾದಲ್ಲಿ ಸೌತ್ ಮೌಂಟನ್ ಅಂತ ಒಂದು ಬೆಟ್ಟಸಾಲಿದೆ, ಯುದ್ಧಕ್ಕೆ ಹೆಸರಾದ ಗೆಟ್ಟಿಸ್‌ಬರ್ಗ್‌ನ ಪಶ್ಚಿಮಕ್ಕೆ. ಅಲ್ಲಿ ಕೆಂಪು, ನೇರಳೆ, ಹಸಿರು ಛಾಯೆಯ ಗಟ್ಟಿ ಕಲ್ಲುಗಳಿವೆ. ಇವು ನೀರಿನಲ್ಲಿ ಮರಳು, ಮಣ್ಣು ಪದರಪದರವಾಗಿ ಕೂತು ಆದ ಕಲ್ಲು, ಆಮೇಲೆ ಒತ್ತಡ ಮತ್ತು ಕಾವಿಗೆ ಸಿಕ್ಕಿ ಬದಲಾಗಿವೆ ಅಂತ ಆಗ ಹೇಳುತ್ತಿದ್ದರು. ಬ್ಯಾಸ್ಕಮ್ ಅಲ್ಲ ಅಂದರು. ಇವು ಲಾವಾ ಹರಿದು ಆದ ಕಲ್ಲುಗಳು, ಇಲ್ಲಿ ಒಂದು ಕಾಲದಲ್ಲಿ ಜ್ವಾಲಾಮುಖಿ ಇತ್ತು ಅಂತ ತೋರಿಸಿದರು.

ಬರಿಗಣ್ಣಿಗೆ ಇದು ಗೊತ್ತಾಗಲ್ಲ. ಅದಕ್ಕೆ ಅವರು ಹಿಡಿದ ದಾರಿ ಆಗಿನ್ನೂ ಹೊಸದು. ಕಲ್ಲಿನಿಂದ ಒಂದು ಚಿಕ್ಕ ಚೂರು ಕತ್ತರಿಸಬೇಕು. ಒಂದು ಮುಖವನ್ನು ನಯವಾಗಿ ಉಜ್ಜಿ ಗಾಜಿನ ಪಟ್ಟಿಗೆ ಅಂಟಿಸಬೇಕು. ಆಮೇಲೆ ಇನ್ನೊಂದು ಮುಖವನ್ನು ಒರಟು ಪುಡಿ, ಆಮೇಲೆ ಸಣ್ಣ ಪುಡಿ, ಇನ್ನೂ ಸಣ್ಣ ಪುಡಿ ಹಾಕಿ ತೇಯುತ್ತಾ ಹೋಗಬೇಕು. ಎಲ್ಲಿಯವರೆಗೆ ಅಂದರೆ ಕಲ್ಲು 0.03 ಮಿಲಿಮೀಟರ್ ದಪ್ಪಕ್ಕೆ ಬರುವ ತನಕ. ಅಷ್ಟು ತೆಳ್ಳಗಾದಾಗ ಕಲ್ಲಿನ ಮೂಲಕ ಬೆಳಕು ಹಾಯುತ್ತದೆ. ಇದಕ್ಕೆ ಥಿನ್ ಸೆಕ್ಷನ್ ಅನ್ನುತ್ತಾರೆ. ಸ್ವಲ್ಪ ಜಾಸ್ತಿ ತೇಯ್ದರೆ ಕಲ್ಲೇ ಮಾಯ, ಬರೀ ಗಾಜು ಉಳಿಯುತ್ತದೆ. ದಪ್ಪ ಸರಿಯಾಗಿದೆಯೋ ಇಲ್ಲವೋ ಅಂತ ಹೇಳೋದು ಬೆಣಚುಕಲ್ಲಿನ ಕಣಗಳು. ಧ್ರುವೀಕರಿಸಿದ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಹಾಗೆ ಮಾಡಿದ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ಅವು ತೆಳು ಬೂದು ಬಣ್ಣಕ್ಕೆ ತಿರುಗಿದರೆ ಸಾಕು, ಕೈ ನಿಲ್ಲಿಸಬೇಕು. ಈಗ ಯಂತ್ರಗಳಿವೆ, ಆದರೂ ಕೊನೆಯ ತೇಯುವಿಕೆಗೆ ಪಳಗಿದ ಕೈ, ಕಣ್ಣು ಬೇಕೇ ಬೇಕು.

ಹಾಗೆ ತೇಯ್ದು ನೋಡಿದಾಗ ಸೌತ್ ಮೌಂಟನ್ ಕಲ್ಲಿನೊಳಗೆ ಬೇರೆಯದೇ ಲೋಕ ಕಂಡಿತು. ಲಾವಾ ಹರಿಯುವಾಗ ಆಗುವ ಗೆರೆಗಳು. ಲಾವಾ ಬೇಗ ಆರಿ ಗಾಜಿನಂತಾದಾಗ ಅದರೊಳಗೆ ಹುಟ್ಟುವ ದುಂಡನೆಯ ಹರಳುಗಂಟುಗಳು. ಅನಿಲದ ಗುಳ್ಳೆಗಳಿದ್ದ ಜಾಗ, ಈಗ ಅಲ್ಲಿ ಬೇರೆ ಖನಿಜ ತುಂಬಿಕೊಂಡಿದೆ. ನೀರಿನಡಿ ಕೂತ ಮರಳಿನಲ್ಲಿ ಇವ್ಯಾವುವೂ ಇರೋದಿಲ್ಲ. ಅಂದರೆ ಇದು ಮೊದಲು ಗಾಜಿನಂಥ ಲಾವಾ ಆಗಿತ್ತು, ಕಾಲ ಕಳೆದಂತೆ ಆ ಗಾಜು ನಿಧಾನಕ್ಕೆ ಪುಟಾಣಿ ಹರಳುಗಳಾಗಿ ಬದಲಾಯಿತು, ಆಮೇಲೆ ಬೆಟ್ಟ ಏಳುವಾಗ ಮಡಚಿ ಒತ್ತಿಸಿಕೊಂಡಿತು. ರಯೋಲೈಟ್ ಅಂದರೆ ಸಿಲಿಕಾ ಹೆಚ್ಚಿರುವ ಲಾವಾ ಆರಿ ಆದ ಕಲ್ಲು, ಇಂಥ ಬದಲಾದ ರಯೋಲೈಟ್ ಕಲ್ಲಿಗೆ ಅವರು ‘ಅಪೊರಯೋಲೈಟ್’ ಅಂತ ಹೆಸರನ್ನೂ ಕೊಟ್ಟರು. ಈಗ ಆ ಹೆಸರಿನ ಬಳಕೆ ಕಡಿಮೆ, ಮೆಟಾರಯೋಲೈಟ್ ಅನ್ನುತ್ತಾರೆ. ಆದರೆ ಇವು ಜ್ವಾಲಾಮುಖಿ ಶಿಲೆಗಳು ಅನ್ನೋದು ಗಟ್ಟಿಯಾಗಿ ನಿಂತಿದೆ. ಸುಮಾರು 57 ಕೋಟಿ ವರ್ಷ ಹಳೆಯವು ಅಂತ ಈಗ ಲೆಕ್ಕ ಸಿಕ್ಕಿದೆ. 1896ರಲ್ಲಿ ಸರ್ವೇಯವರು ಅವರ ಈ ಅಧ್ಯಯನವನ್ನು ತಮ್ಮ ಬುಲೆಟಿನ್ ಆಗಿ ಅಚ್ಚು ಹಾಕಿದರು.

ಅಂದ ಹಾಗೆ, ಇದೇ ರಯೋಲೈಟನ್ನು ಸಾವಿರಾರು ವರ್ಷಗಳ ಹಿಂದೆ ಅಲ್ಲಿನ ಮೂಲನಿವಾಸಿಗಳು ಬೆಟ್ಟದಿಂದ ಕಿತ್ತು ಭರ್ಜಿಯ ಮೊನೆ ಮಾಡುತ್ತಿದ್ದರು. ಗಾಜಿನ ಗುಣ ಸ್ವಲ್ಪ ಉಳಿದಿದ್ದರಿಂದ ಹೊಡೆದರೆ ಅಂಚು ಚೂಪಾಗಿ ಒಡೆಯುತ್ತಿತ್ತು. ಕಲ್ಲಿನ ಗುಣ ಅವರಿಗೆ ಕೈಯಲ್ಲೇ ಗೊತ್ತಿತ್ತು.

ಪ್ರೊಫೆಸರ್ ಆಗಿ ಹೇಗಿದ್ದರು? ಕೆಲಸ ಸುಲಭವಾಗಿ ಸಿಕ್ಕಿತೇ?

ಪಿಎಚ್.ಡಿ. ಆದ ಮೇಲೆ ಎರಡು ವರ್ಷ ಒಹಾಯೋ ಸ್ಟೇಟ್‌ನಲ್ಲಿ ಕಲಿಸಿದರು, ಅದೇ ಆರ್ಟನ್ ಇದ್ದ ಕಡೆ. 1895ರಲ್ಲಿ ಪೆನ್ಸಿಲ್ವೇನಿಯಾದ ಬ್ರಿನ್ ಮಾರ್ ಕಾಲೇಜಿಗೆ ಬಂದರು. ಅದು ಹೆಣ್ಣುಮಕ್ಕಳ ಕಾಲೇಜು, ಶುರುವಾಗಿ ಆಗಿನ್ನೂ ಹತ್ತು ವರ್ಷ. ಅಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರ ಎಲ್ಲ ಇದ್ದವು, ಭೂವಿಜ್ಞಾನಕ್ಕೆ ಜಾಗವೇ ಇರಲಿಲ್ಲ. ಉಳಿದ ವಿಭಾಗಗಳ ಕಟ್ಟಡದಲ್ಲಿ ಸಾಮಾನು ಇಡುವ ಕೋಣೆ ತೋರಿಸಿದರು. ಅಲ್ಲೇ ಕೂತು ಖನಿಜ, ಕಲ್ಲು, ಪಳೆಯುಳಿಕೆಗಳನ್ನು ಒಂದೊಂದಾಗಿ ಕೂಡಿಹಾಕಿ ಪಾಠಕ್ಕೆ ಬೇಕಾದ ಸಂಗ್ರಹ ಕಟ್ಟಿದರು. ಮುಂದೊಮ್ಮೆ ಕಾಲೇಜಿನವರು ಭೂವಿಜ್ಞಾನವನ್ನು ಬೇಕಾದವರು ಮಾತ್ರ ತೆಗೆದುಕೊಳ್ಳುವ ಸಣ್ಣ ವಿಷಯ ಮಾಡಲು ಹೊರಟಾಗ, ಹಾಗಾದರೆ ನಾನು ರಾಜೀನಾಮೆ ಕೊಡುತ್ತೇನೆ ಅಂದರು. ವಿಭಾಗ ಉಳಿಯಿತು. ಇಂಥ ಮಾತು ಬರೀ ಧೈರ್ಯದಿಂದ ಬರಲ್ಲ ಸ್ವಾಮಿ, ನಾನು ಹೋದರೆ ನಷ್ಟ ನಿಮಗೇ ಅನ್ನುವಷ್ಟು ಕೆಲಸ ಮಾಡಿಟ್ಟಿರಬೇಕು.

ಪಾಠದಲ್ಲಿ ಬಲು ಬಿಗಿ. ಸುಮ್ನೆ ಹೊಗಳುವ ಪೈಕಿ ಅಲ್ಲ. ಪುಸ್ತಕ ಓದಿಕೊಂಡು ಬಂದರೆ ಸಾಲದು, ಹೊರಗೆ ಹೋಗಿ ನಕ್ಷೆ ಮಾಡಬೇಕು, ಒಳಗೆ ಬಂದು ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ಎರಡೂ ತಾಳೆಯಾಗಬೇಕು. 1906ರಲ್ಲಿ ಪೂರ್ಣ ಪ್ರೊಫೆಸರ್ ಆದರು. ಅದೇ ಹೊತ್ತಿನಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ಗೆ ಹೋಗಿ ವಿಕ್ಟರ್ ಗೋಲ್ಡ್‌ಶ್ಮಿಟ್ ಅವರ ಬಳಿ ಸ್ಫಟಿಕಗಳ ಕೋನ ಅಳೆಯುವ ವಿದ್ಯೆ ಕಲಿತು ಬಂದರು. ನಲವತ್ನಾಲ್ಕರ ಪ್ರೊಫೆಸರಮ್ಮ ಮತ್ತೆ ವಿದ್ಯಾರ್ಥಿ! ಆ ವರ್ಷವೇ ಅಮೆರಿಕದ ವಿಜ್ಞಾನಿಗಳ ಪರಿಚಯ ಗ್ರಂಥ ಮೊದಲ ಬಾರಿ ಬಂತು, ದೇಶದ ಅಗ್ರ 100 ಭೂವಿಜ್ಞಾನಿಗಳ ಸಾಲಿನಲ್ಲಿ ಇವರನ್ನು ಗುರುತಿಸಿತು. ಆ ಗ್ರಂಥದ ಹೆಸರು ‘ಅಮೆರಿಕನ್ ಮೆನ್ ಆಫ್ ಸೈನ್ಸ್’. ನಾನೇನೂ ಹೇಳಲ್ಲ.

ಸರ್ವೇ ಕೆಲಸ, ಕಾಲೇಜು ಕೆಲಸ ಎರಡನ್ನೂ ಒಟ್ಟಿಗೆ ಹೇಗೆ ಮಾಡಿದರು? ಫೀಲ್ಡಿಗೆ ಒಬ್ಬರೇ ಹೋಗುತ್ತಿದ್ದರೇ?

ಬೇಸಿಗೆ ರಜೆ ಪೂರ್ತಿ ಫೀಲ್ಡ್, ಚಳಿಗಾಲದಲ್ಲಿ ಪಾಠ ಮತ್ತು ಥಿನ್ ಸೆಕ್ಷನ್. ವರ್ಷವಿಡೀ ಇದೇ ಸುತ್ತು. ಕಾರುಗಳಿಲ್ಲದ ಕಾಲ, ಕುದುರೆ ಅಥವಾ ಕುದುರೆಗಾಡಿ, ಉಳಿದಿದ್ದು ಕಾಲ್ನಡಿಗೆ. ಆಗಿನ ಉದ್ದ ಲಂಗ ತೊಟ್ಟುಕೊಂಡೇ ಸುತ್ತಿಗೆ ಹಿಡಿದು ಬಂಡೆ ಹತ್ತಬೇಕಿತ್ತು.

ಅವರ ಪಾಲಿಗೆ ಬಂದಿದ್ದು ಪೀಡ್‌ಮಾಂಟ್ ಅನ್ನುವ ಪ್ರದೇಶ. ಅಪಲೇಶಿಯನ್ ಬೆಟ್ಟಗಳಿಗೂ ಕರಾವಳಿಯ ಬಯಲಿಗೂ ನಡುವೆ, ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ಡೆಲವೇರ್, ನ್ಯೂಜೆರ್ಸಿ ಇಷ್ಟಕ್ಕೂ ಚಾಚಿಕೊಂಡ ಏರುತಗ್ಗಿನ ನೆಲ. ನೋಡಲು ಸಾಧು, ಒಳಗೆ ಮಹಾ ಗೋಜಲು. ಹಲವು ಸಲ ಕಾದು, ಮಡಚಿ, ಒಂದರ ಮೇಲೊಂದು ತಳ್ಳಿಸಿಕೊಂಡ ಕಲ್ಲುಗಳು, ಅದರ ಮೇಲೆ ಮಣ್ಣು, ಕಾಡು, ಹೊಲ. ಬಂಡೆ ಕಾಣೋದೇ ಹಳ್ಳದ ದಡದಲ್ಲೋ ರಸ್ತೆ ಕಡಿದ ಕಡೆಯೋ. ಇಲ್ಲೊಂದು ಅಲ್ಲೊಂದು ಸಿಕ್ಕ ತುಣುಕುಗಳಿಂದ ನೆಲದ ಕೆಳಗಿನ ಚಿತ್ರ ಊಹಿಸಬೇಕು. ಫಿಲಡೆಲ್ಫಿಯಾ ಮತ್ತು ಟ್ರೆಂಟನ್ ನಕ್ಷೆಗಳು 1909ರಲ್ಲಿ, ಎಲ್ಕ್‌ಟನ್-ವಿಲ್ಮಿಂಗ್ಟನ್ 1920ರಲ್ಲಿ ಬಂದವು. ಕೆಲವನ್ನು ಬೇರೆಯವರ ಜೊತೆ ಸೇರಿ ಮಾಡಿದ್ದು. 1928ರಲ್ಲಿ ಕಾಲೇಜಿನಿಂದ ನಿವೃತ್ತರಾದ ಮೇಲೂ ಸರ್ವೇ ಕೆಲಸ ಬಿಡಲಿಲ್ಲ, ಇನ್ನೂ ಕೆಲವು ನಕ್ಷೆಗಳು ಆಮೇಲೆ ಬಂದವು, ಕೊನೆಯದು 1938ರಲ್ಲಿ. ಲೆಕ್ಕ ಹಾಕಿ, ಎಪ್ಪತ್ತಾರು ವಯಸ್ಸು.

ಅವರ ಶಿಷ್ಯೆಯರು ಯಾರು? ಯಾರಾದರೂ ಹೆಸರು ಮಾಡಿದರೇ?

ಮಾಡಿದರು, ಚೆನ್ನಾಗಿಯೇ ಮಾಡಿದರು. 1937ರಲ್ಲಿ ಜಿಯಾಲಾಜಿಕಲ್ ಸೊಸೈಟಿಯಲ್ಲಿ ಫೆಲೋ ಆಗಿದ್ದ ಮಹಿಳೆಯರು 11 ಜನ, ಅದರಲ್ಲಿ 8 ಜನ ಬ್ರಿನ್ ಮಾರ್‌ನವರು. ಒಂದು ಸಾಮಾನು ಕೋಣೆಯಿಂದ ಶುರುವಾದ ವಿಭಾಗ ಇದು.

ಇಡಾ ಒಗಿಲ್ವಿ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗ ಕಟ್ಟಿದರು. ಜೂಲಿಯಾ ಗಾರ್ಡ್ನರ್ ಚಿಪ್ಪುಗಳ ಪಳೆಯುಳಿಕೆಯಲ್ಲಿ ಪಳಗಿದವರು. 1911ರಲ್ಲಿ ಅದೇ ಜಾನ್ಸ್ ಹಾಪ್ಕಿನ್ಸ್‌ನಿಂದ ಪಿಎಚ್.ಡಿ. ಪಡೆದರು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಜಪಾನ್ ಬಲೂನುಗಳಿಗೆ ಬಾಂಬ್ ಕಟ್ಟಿ ಪೆಸಿಫಿಕ್ ಸಾಗರದ ಮೇಲೆ ಗಾಳಿಗೆ ಬಿಡುತ್ತಿತ್ತು, ಅವು ಅಮೆರಿಕಕ್ಕೆ ಬಂದು ಬೀಳುತ್ತಿದ್ದವು. ಎಲ್ಲಿಂದ ಬಿಡುತ್ತಿದ್ದಾರೆ ಅಂತ ಗೊತ್ತಿಲ್ಲ. ಬಲೂನಿನ ತೂಕಕ್ಕೆ ಅಂತ ಕಟ್ಟಿದ್ದ ಚೀಲಗಳಲ್ಲಿ ಮರಳಿತ್ತು. ಸರ್ವೇಯ ಸೇನಾ ವಿಭಾಗದವರು ಆ ಮರಳನ್ನು ಹರವಿಕೊಂಡು ಕೂತರು. ಅದರಲ್ಲಿ ಸಿಕ್ಕ ಚಿಪ್ಪಿನ ಚೂರು, ಖನಿಜದ ಕಣ ನೋಡಿ ಇದು ಜಪಾನಿನ ಇಂಥಿಂಥ ಕಡಲತೀರದ ಮರಳು ಅಂತ ಹುಡುಕಿದರು. ಆ ತಂಡದಲ್ಲಿ ಗಾರ್ಡ್ನರ್ ಇದ್ದರು.

ನನಗೆ ಇನ್ನೂ ಇಷ್ಟವಾಗೋದು ಎಲಿನೋರಾ ಬ್ಲಿಸ್ ಮತ್ತು ಆನಾ ಜೋನಸ್ ಜೋಡಿ. ಇಬ್ಬರೂ 1912ರಲ್ಲಿ ಬ್ರಿನ್ ಮಾರ್‌ನಲ್ಲೇ ಪಿಎಚ್.ಡಿ. ಮುಗಿಸಿದರು. ಫಿಲಡೆಲ್ಫಿಯಾ ಸುತ್ತ ವಿಸಾಹಿಕನ್ ಅನ್ನುವ ಅಭ್ರಕ ತುಂಬಿದ ಹಾಳೆಹಾಳೆಯಾಗಿ ಏಳುವ ಕಲ್ಲಿದೆ. ಅದರ ವಯಸ್ಸೇನು, ಪಕ್ಕದ ಕಲ್ಲುಗಳಿಗೂ ಅದಕ್ಕೂ ಏನು ಸಂಬಂಧ ಅನ್ನೋದರಲ್ಲಿ ಈ ಇಬ್ಬರೂ ಗುರುವಿನ ಮಾತಿಗೆ ಎದುರು ನಿಂತರು. 1916ರಲ್ಲಿ ಅದನ್ನು ಪ್ರಕಟಿಸಿಯೂಬಿಟ್ಟರು. ಗುರುವಿಗೆ ಹಿಡಿಸಲಿಲ್ಲ. ಮನಸ್ತಾಪವೂ ಆಯಿತು, ವಾದ ದಶಕಗಳ ಕಾಲ ನಡೆಯಿತು. ಬ್ಯಾಸ್ಕಮ್ ದೇವತೆ ಅಂತ ಬರೆಯುವವರು ಈ ಭಾಗ ಬಿಟ್ಟುಬಿಡುತ್ತಾರೆ. ನನಗಂತೂ ಅವರ ಪಾಠ ಎಷ್ಟು ಗಟ್ಟಿಯಿತ್ತು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ. ನಕ್ಷೆ ಮಾಡಿ, ತೇಯ್ದು, ನೋಡಿ, ಆಮೇಲೆ ಮಾತಾಡಿ ಅಂತ ಕಲಿಸಿದ್ದು ಅವರೇ ತಾನೇ? ಹುಡುಗಿಯರು ಅದನ್ನೇ ಮಾಡಿದರು, ಗುರುವಿನ ನಕ್ಷೆಯ ಮೇಲೇ ಮಾಡಿದರು ಅಷ್ಟೇ.

ಮದುವೆ ಆಗಿದ್ದರೇ?

ಇಲ್ಲ. ಗಂಡು ವಿಜ್ಞಾನಿಗಳ ಬಗ್ಗೆ ಬರೆದಾಗ ಈ ಪ್ರಶ್ನೆ ಒಂದೂ ಬರಲ್ಲ, ಗಮನಿಸಿದ್ದೀರಾ? ನಿವೃತ್ತಿಯ ದಿನಗಳಲ್ಲಿ ಮ್ಯಾಸಚೂಸೆಟ್ಸ್‌ನ ಬೆಟ್ಟದ ಕಡೆಯ ತೋಟದ ಮನೆಯಲ್ಲಿರುತ್ತಿದ್ದರು, ಕುದುರೆ ಅಂದರೆ ಪ್ರಾಣ. ತೀರಿಕೊಂಡಿದ್ದು 1945ರ ಜೂನ್ 18ರಂದು, 82ನೇ ವಯಸ್ಸಿನಲ್ಲಿ. ಅಮ್ಮ ಹೋರಾಡಿದ ಮತದ ಹಕ್ಕು ದೇಶಕ್ಕೆಲ್ಲ ಬಂದಿದ್ದು 1920ರಲ್ಲಿ, ಆಗ ಮಗಳಿಗೆ 58.

ನಮ್ಮ ದೇಶದಲ್ಲಿ ಇಂಥ ಭೂವಿಜ್ಞಾನ ಪ್ರೊಫೆಸರ್ ಯಾರಿದ್ದಾರೆ?

ಹಲವರಿದ್ದಾರೆ, ಇಲ್ಲಿ ಒಬ್ಬರನ್ನು ಮಾತ್ರ ಹೇಳುತ್ತೇನೆ. ಸುದೀಪ್ತಾ ಸೇನ್‌ಗುಪ್ತಾ. ಕೋಲ್ಕತ್ತಾದ ಜಾದವಪುರ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು, ಕಲ್ಲುಗಳು ಹೇಗೆ ಮಡಚುತ್ತವೆ, ಬಾಗುತ್ತವೆ ಅನ್ನೋದು ಅವರ ವಿಷಯ. ತರಬೇತಿ ಪಡೆದ ಪರ್ವತಾರೋಹಿ ಕೂಡ. 1983ರಲ್ಲಿ ಹೊರಟ ಭಾರತದ ಮೂರನೇ ಅಂಟಾರ್ಕ್ಟಿಕಾ ತಂಡದಲ್ಲಿ ಅವರೂ ಸಾಗರ ವಿಜ್ಞಾನಿ ಅದಿತಿ ಪಂತ್ ಅವರೂ ಇದ್ದರು. ಅಂಟಾರ್ಕ್ಟಿಕಾ ತಂಡದಲ್ಲಿ ಹೋದ ಮೊದಲ ಭಾರತೀಯ ಮಹಿಳೆಯರು ಇವರಿಬ್ಬರೇ. ಅಲ್ಲಿನ ಷಿರ್ಮಾಕರ್ ಬೆಟ್ಟಗಳ ಶಿಲೆಗಳನ್ನು ಅಧ್ಯಯನ ಮಾಡಿದರು. 1991ರಲ್ಲಿ ಭಟ್ನಾಗರ್ ಪ್ರಶಸ್ತಿ ಬಂತು. ಅವರ ಬಗ್ಗೆ ಬೇರೆಯೇ ಅಂಕಣ ಬರೆಯಬೇಕು, ಬರೆಯುತ್ತೇನೆ.

ಬ್ಯಾಸ್ಕಮ್ ಮಾಡಿದ ನಕ್ಷೆಗಳನ್ನು ಈಗ ನೋಡಲು ಸಿಗುತ್ತವೆಯೇ? ಮಗಳಿಗೆ ತೋರಿಸಬೇಕು.

ಸಿಗುತ್ತವೆ, ದುಡ್ಡೂ ಕೊಡಬೇಕಿಲ್ಲ. ಅಮೆರಿಕದ ಸರ್ವೇಯವರು ಹಳೆಯದನ್ನೆಲ್ಲ ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದಾರೆ. ಫಿಲಡೆಲ್ಫಿಯಾ ಫೋಲಿಯೋ ಅಂತ ಹುಡುಕಿ, ಸಂಖ್ಯೆ 162. ಫೋಲಿಯೋ ಅಂದರೆ ನಕ್ಷೆಗಳೂ ಅವುಗಳ ವಿವರಣೆಯೂ ಒಟ್ಟಿಗಿರುವ ದೊಡ್ಡ ಅಳತೆಯ ಪುಸ್ತಕ. ಮೊದಲ ಪುಟಗಳ ಬರಹ ಸ್ವಲ್ಪ ಒಣ, ಅದನ್ನು ದಾಟಿಸಿ ನೇರ ಬಣ್ಣದ ನಕ್ಷೆಗೆ ಹೋಗಿ. ಒಂದೊಂದು ಬಣ್ಣ ಒಂದೊಂದು ಕಲ್ಲು. ನಕ್ಷೆಯನ್ನು ಒಂದು ಗೆರೆಯ ಮೇಲೆ ಕತ್ತರಿಸಿದರೆ ನೆಲದಡಿ ಹೇಗೆ ಕಾಣುತ್ತದೆ ಅಂತ ತೋರಿಸುವ ಅಡ್ಡಸೀಳು ಚಿತ್ರಗಳೂ ಇರುತ್ತವೆ, ಮಗಳಿಗೆ ಮೊದಲು ಅದನ್ನೇ ತೋರಿಸಿ. ಫೈಲ್ ದೊಡ್ಡದು, ಮೊಬೈಲಿಗಿಂತ ಕಂಪ್ಯೂಟರಿನಲ್ಲಿ ತೆರೆಯೋದು ವಾಸಿ.